ಮೆಟ್ಟಿಲ ತಿರುವಿನಲ್ಲಿ ಉಳಿದ ಕಲ್ಲು

ಹಿಂಜವಾಡಿ, ಪುಣೆ
೧೨ ಡಿಸೆಂಬರ್ ೨೦೨೪, ಗುರುವಾರ

ಅಪೇಕ್ಷಾಳ ಪಪ್ಪನಿಗೆ ಲೀಲಾಕ್ಷಿ ಮಾಡುವ ನಮಸ್ಕಾರಗಳು.

ನೀವು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಬಾರಾಮತಿಯಲ್ಲಿ ಬೆಳಗಿನ ಚಳಿ ಜೋರಂತೆ. ಮಫ್ಲರನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ, ತೆಗೆದುಕೊಂಡಿರೋ ಇಲ್ಲವೋ. ಊಟಕ್ಕೆ ಮುಂಚಿನ ಮಾತ್ರೆ ತಪ್ಪಿಸಬೇಡಿ. ಸಕ್ಕರೆ ಕಾರ್ಖಾನೆಯ ಕ್ಯಾಂಟೀನು ಹಿಡಿದವರಿಗೆ ಸಕ್ಕರೆ ಕಾಯಿಲೆ ಇರಬಾರದೆಂಬ ಕಾನೂನಿಲ್ಲ, ಆದರೂ ಚಹಾಕ್ಕೆ ಎರಡು ಚಮಚ ಹಾಕಿಸಿಕೊಳ್ಳುವುದನ್ನಾದರೂ ಬಿಡಿ. ನಾನು ಚೆನ್ನಾಗಿದ್ದೇನೆ. ಕೈಯಲ್ಲಿ ಫೋನಿರುವಾಗ ಕಾಗದ ಯಾಕೆ ಎಂದು ನೀವು ಕೇಳುವುದು ಖಂಡಿತ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀವು "ಹಾಂ, ಮತ್ತೆ?" ಎನ್ನುತ್ತೀರಿ. ಆ "ಮತ್ತೆ" ಬಂದ ಕೂಡಲೇ ಮುಂದಿನ ಮಾತು ನನ್ನ ಗಂಟಲಲ್ಲೇ ನಿಲ್ಲುತ್ತದೆ. ಮೂವತ್ತೊಂದು ವರ್ಷ ಹಾಗೆಯೇ ನಿಂತಿದೆ. ಕಾಗದಕ್ಕೆ ನೀವು ಹಾಗೆ ಹೇಳಲಾಗುವುದಿಲ್ಲ. ನಾಳೆ ಕ್ಯಾಂಟೀನಿಗೆ ದಿನಸಿ ತರುವ ವ್ಯಾನಿನವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಕೂತು ಓದಿ.

ಬಿಬವೇವಾಡಿಯ ಮನೆಯನ್ನು ಬಿಡಲೇಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಕಟ್ಟಡ ಕೆಡವಲು ಬಿಲ್ಡರು ನೋಟೀಸು ಅಂಟಿಸಿ ಆರು ತಿಂಗಳಾಗಿತ್ತು. ನಮ್ಮ ಹೋಟೆಲಿನಿಂದ ಇಷ್ಟು ದೂರದ ಹಿಂಜವಾಡಿಯಲ್ಲಿ ಫ್ಲ್ಯಾಟು ಕೊಂಡದ್ದು ನಿಮ್ಮ ಇಷ್ಟ, ಅದಕ್ಕೂ ನಾನು ಏನೂ ಅಂದಿರಲಿಲ್ಲ. ನಾನು ಬೇಡಿದ್ದು ಒಂದೇ: ಸಾಮಾನು ಸಾಗಿಸುವ ಪ್ಯಾಕರ್ಸಿನವರನ್ನು ಕರೆಸಿ ಎಂದು. ಅಪೇಕ್ಷಾ ಆಫೀಸಿನಲ್ಲಿ ವಿಚಾರಿಸಿ ಮೂರು ಕಂಪನಿಗಳ ದರ ಬರೆದು ತಂದಿದ್ದಳು. ನೀವು ಆ ಚೀಟಿಯಿಂದ ಹಲ್ಲಿನ ಸಂದಿ ಕೆದಕಿಕೊಂಡಿರಿ. "ಎಂತ ಮಾರಾಯ್ತಿ, ಹದಿನೆಂಟು ಸಾವಿರ ಕೊಡ್ಲಿಕ್ಕೆ ತಲೆ ಸರಿ ಉಂಟಾ? ಹೋಟೆಲಿನಲ್ಲಿ ನಮ್ಮದೇ ಜನ ಇಲ್ವಾ?" ಎಂದಿರಿ. ನಮ್ಮದೇ ಜನ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಾಗದದ ಕೊನೆಯಲ್ಲಿ ಬೇಕಾಗುತ್ತದೆ. ಸೋಮವಾರ ಹೋಟೆಲಿಗೆ ರಜೆ, ಅವರೇ ಹೊರುತ್ತಾರೆ, ಸಂಜೆಗೆ ಒಂದು ಬಿರಿಯಾನಿ ಕೊಡಿಸಿದರೆ ಸಾಕು ಎಂದು ಲೆಕ್ಕ ಹಾಕಿ ನೀವು ಭಾನುವಾರವೇ ಬಾರಾಮತಿಗೆ ಹೊರಟಿರಿ. ಕ್ಯಾಂಟೀನಿನಲ್ಲಿ ಕೆಲಸವಿತ್ತು ಎನ್ನುತ್ತೀರಿ. ಇತ್ತೇನೋ. ವಾರಕ್ಕೊಂದು ರಜೆ ಸಿಗುವವರ ಆ ಒಂದು ರಜೆಯನ್ನು ಬಿರಿಯಾನಿಗೆ ಕೊಂಡುಕೊಂಡ ಯಜಮಾನರು ನೀವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮನೆ ಬದಲಿಸಿ ನೋಡು ಎನ್ನಲು ಹೇಗೆ ಮರೆತರೋ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ಬರಬೇಕಿದ್ದ ಟೆಂಪೋ ಹನ್ನೊಂದೂವರೆಗೆ ಬಂತು, ತರಕಾರಿ ಇಳಿಸಿದ ಮೇಲೆ ಗುಡಿಸದೆಯೇ ಬಂತು. ಕಟ್ಟಲು ಹಗ್ಗವಿಲ್ಲ, ಹೊದಿಸಲು ಕಂಬಳಿಯಿಲ್ಲ. ನನ್ನ ಹಳೆಯ ಸೀರೆಗಳನ್ನೆಲ್ಲ ಹರಿದು ಪಾತ್ರೆಗೆ ಸುತ್ತಿದೆ. ಫ್ರಿಜ್ಜನ್ನು ಮಲಗಿಸಿ ತಂದರು. ಅದು ಮಲಗಿದ್ದು ಮತ್ತೆ ಎದ್ದಿಲ್ಲ. ಕಪಾಟಿನ ಕನ್ನಡಿ ವಾಕಡ್ ಸೇತುವೆಯ ಗುಂಡಿಯಲ್ಲಿ ಹೋಯಿತು. ದೇವರ ಫೋಟೋಗಳ ಪೆಟ್ಟಿಗೆಯ ಮೇಲೆ ಯಾರೋ ಗ್ಯಾಸ್ ಸಿಲಿಂಡರ್ ಇಟ್ಟಿದ್ದರು. ಇವೆಲ್ಲ ಹೋಗಲಿ, ವಸ್ತು ತಾನೇ. ಕಂಪನಿ ಬಸ್ಸುಗಳ ಸಾಲಿನಲ್ಲಿ ಸಿಕ್ಕಿಕೊಂಡು ಎರಡನೆಯ ಟ್ರಿಪ್ಪು ಇಲ್ಲಿ ಮುಟ್ಟಿದಾಗ ಆರೂಕಾಲು. ಗೇಟಿನ ವಾಚಮನ್ ಕೈ ಅಡ್ಡ ಹಿಡಿದ. "ಸಹಾ ನಂತರ ಲಿಫ್ಟ್ ನಾಹೀ, ತಾಈ" ಎಂದ. ಆರರ ಮೇಲೆ ಸಾಮಾನಿಗೆ ಲಿಫ್ಟ್ ಕೊಡುವುದಿಲ್ಲ, ಮುಂಚೆಯೇ ಬುಕ್ ಮಾಡಬೇಕು, ಪ್ಯಾಕರ್ಸಿನವರಾಗಿದ್ದರೆ ಅವರೇ ಮಾಡಿರುತ್ತಿದ್ದರು ಎಂದ. ಸಾಮಾನನ್ನೆಲ್ಲ ಕೆಳಗೆ ಪಾರ್ಕಿಂಗಿನಲ್ಲಿ ಇಟ್ಟು ಬೆಳಿಗ್ಗೆ ಒಯ್ಯಿರಿ ಎಂದು ಅವನೇ ದಾರಿಯನ್ನೂ ತೋರಿಸಿದ. ನಾನು ಒಪ್ಪಿ ನಿಮಗೆ ಫೋನ್ ಮಾಡಿದೆ. ಅದೇ ನಾನು ಮಾಡಿದ ತಪ್ಪು.

"ಉಳಿದದ್ದು ಹಾಳಾಗಿ ಹೋಗ್ಲಿ, ಕಡೆಯುವ ಕಲ್ಲು ಮಾತ್ರ ಇವತ್ತೇ ಒಳಗೆ ಹೋಗ್ಬೇಕು. ಲಿಫ್ಟ್ ಇಲ್ಲದಿದ್ರೆ ಮೆಟ್ಟಿಲು ಇಲ್ವಾ? ಅಮ್ಮ ಹೇಳಿದ್ದು ಮರ್ತುಹೋಯ್ತಾ ನಿಂಗೆ?" ಎಂದಿರಿ. ಮರೆತಿಲ್ಲ. ಕಡೆಯುವ ಕಲ್ಲು ಹೊಸ್ತಿಲ ಹೊರಗೆ ರಾತ್ರಿ ಕಳೆಯಬಾರದು, ಕಳೆದರೆ ಆ ಮನೆಯಲ್ಲಿ ಅನ್ನಕ್ಕೆ ತತ್ವಾರ ಬರುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಕಾರ್ಕಳದಿಂದ ಅವರು ತಂದ ಕಲ್ಲು, ಹೋಟೆಲಿನ ಮೊದಲ ಇಡ್ಲಿಯ ಹಿಟ್ಟು ಕಡೆದ ಕಲ್ಲು, ಎಲ್ಲ ಸರಿ. ಕರೆಂಟಿನ ಗ್ರೈಂಡರ್ ಬಂದು ಹದಿನೈದು ವರ್ಷವಾಯಿತು. ಅಲ್ಲಿಂದ ಇಲ್ಲಿಯವರೆಗೆ ಅದರ ಗುಳಿಯಲ್ಲಿ ನಾನು ಈರುಳ್ಳಿ ತುಂಬಿಡುತ್ತಿದ್ದೆ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ನೀವು ಫೋನನ್ನು ದಿಗಂಬರನಿಗೆ ಕೊಡು ಎಂದಿರಿ. ಕೊಟ್ಟೆ.

ದಿಗಂಬರ ಯಾರೆಂದು ನಿಮಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನೀವು ಅವನನ್ನು "ದೋಸೆಯವ" ಎಂದಷ್ಟೇ ಕರೆಯಲು ಶುರುಮಾಡಿದ್ದೀರಿ. ಇಂಡಿ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷ ನಿಮ್ಮ ಕಾವಲಿಯ ಮುಂದೆ ದಿನಕ್ಕೆ ಹತ್ತು ತಾಸು ನಿಂತವನು. ಅಪೇಕ್ಷಾ ಚಿಕ್ಕವಳಿದ್ದಾಗ ಆನೆ, ಮೊಲ ಎಂದು ದೋಸೆ ಹೊಯ್ದು ಕೊಟ್ಟವನು. ಅವನೂ ಅವನ ಹೆಂಡತಿ ಸಾವಂತ್ರವ್ವನೂ ಹೋಟೆಲಿನ ಅಟ್ಟದ ಕೋಣೆಯಲ್ಲಿ ಕಬ್ಬಿಣದ ಏಣಿ ಹತ್ತಿ ಇಳಿದು ಸಂಸಾರ ಮಾಡಿದವರು. ಅವನಿಗೀಗ ಐವತ್ತನಾಲ್ಕು. ಫೋನಿನಲ್ಲಿ ನಿಮಗೆ ಅವನು "ಆತ್ರಿ ಮಾಲಕ್ರ, ಒಯ್ತೀವ್ರಿ" ಎಂದದ್ದು ನಿಮಗೂ ನೆನಪಿರಬಹುದು. ಅವನೂ ಇನ್ನೊಬ್ಬ ಸಪ್ಲೈಯರೂ ಕಲ್ಲಿಗೆ ಹಗ್ಗ ಬಿಗಿದು ಬಿದಿರು ತೂರಿಸಿ ಹೊತ್ತರು. ಮೇಲೆ ಸಪ್ಲೈಯರು, ಕೆಳಗೆ ದಿಗಂಬರ. ನಾಲ್ಕು ಮಹಡಿ. ಮೂರನೆಯ ಮಹಡಿ ದಾಟಿ ತಿರುವಿನಲ್ಲಿ ಹಗ್ಗ ಜಾರಿತು, ಇಡೀ ಕಲ್ಲು ದಿಗಂಬರನ ಮೇಲೆ ಬಂತು. ಅವನು ಬಾಗಿ, ಎದೆಗೂ ಗೋಡೆಗೂ ನಡುವೆ ಅದನ್ನು ತಡೆದು, ಹಾಗೇ ಮೆಲ್ಲಗೆ ನೆಲಕ್ಕೆ ಇಳಿಸಿದ. ಆಮೇಲೆ ತಾನೂ ಅದರ ಪಕ್ಕದಲ್ಲಿ ಕೂತ. ಎದ್ದು ನಿಲ್ಲಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಅರ್ಜಿ ತುಂಬುವಾಗ "ಪೆಟ್ಟು ಹೇಗಾಯಿತು" ಎಂಬ ಜಾಗ ಬಂತು. ಸಾವಂತ್ರವ್ವನಿಗೆ ಬರೆಯಲು ಬಾರದು, ಪೆನ್ನು ನನ್ನ ಕೈಯಲ್ಲಿತ್ತು. ನೀವು ಫೋನಿನಲ್ಲಿ, ಮನೆಯ ಬಚ್ಚಲಲ್ಲಿ ಜಾರಿ ಬಿದ್ದ ಎಂದು ಬರೆ, ಇಲ್ಲವಾದರೆ ನಾಳೆ ಎಲ್ಲ ನಮ್ಮ ತಲೆಗೇ ಬರುತ್ತದೆ ಎಂದಿರಿ. ನಾನು ಹಾಗೆಯೇ ಬರೆದೆ. ಸಾವಂತ್ರವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಬರೆದದ್ದನ್ನು ನಾನೇ ಅವಳಿಗೆ ಓದಿ ಹೇಳಿದೆ. ಹೊದಿಕೆಯೊಳಗಿಂದ ದಿಗಂಬರನೇ "ಇರ್ಲಿ ಬಿಡ್ರಿ ಅಕ್ಕಾರ, ಮಾಲಕರಿಗೆ ತ್ರಾಸ ಆಗೂದು ಬ್ಯಾಡ" ಎಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹದಿನೆಂಟು ಸಾವಿರಕ್ಕೆ ಹೋಯಿತು, ಅದೂ ಒಂದು ಸಾಲಿನಲ್ಲಿ, ನನ್ನದೇ ಅಕ್ಷರದಲ್ಲಿ.

ಈಗ ಅವನ ಸ್ಥಿತಿ ಕೇಳಿ. ಬೆನ್ನುಮೂಳೆಯ ಕೆಳಭಾಗದ ಡಿಸ್ಕು ಹೊರಬಂದು ನರವನ್ನು ಒತ್ತಿದೆ. ಬಲಗಾಲಿನ ಪಾದ ನೆಲ ಮುಟ್ಟಿದ್ದು ಅವನಿಗೆ ತಿಳಿಯುವುದಿಲ್ಲ, ಚಪ್ಪಲಿ ಕಳಚಿಹೋದರೂ ಗೊತ್ತಾಗುವುದಿಲ್ಲ. ಬೇಗ ಆಪರೇಶನ್ ಮಾಡಿದರೆ ಮೊದಲಿನಂತೆ ನಿಲ್ಲಬಹುದು, ತಡಮಾಡಿದರೆ ಆ ಕಾಲನ್ನು ಎಳೆದುಕೊಂಡೇ ಇರಬೇಕು ಎಂದು ಡಾಕ್ಟರು ಹೇಳಿದರು. ನಿಲ್ಲಲಾಗದ ದೋಸೆಯವನಿಗೆ ಯಾರು ಕೆಲಸ ಕೊಡುತ್ತಾರೆ? ಇದನ್ನು ನಿಮಗೆ ತಿಳಿಸಿದರೆ, "ಊರಿಗೆ ಹೋಗಿ ಎಣ್ಣೆ ತಿಕ್ಕಿಸಿಕೊಳ್ಳಲಿ, ಬೆನ್ನು ನೋವು ಯಾರಿಗಿಲ್ಲ" ಎಂದಿರಿ. ಹೋದ ಭಾನುವಾರ ಇನ್ನೊಂದು ಫೋನು. ಬಾರಾಮತಿಯಲ್ಲಿ ಒಳ್ಳೆಯ ದೋಸೆಯವನು ಸಿಕ್ಕಿದ್ದಾನೆ, ಹದಿನಾರನೆಯ ತಾರೀಕಿಗೆ ಬರುತ್ತಾನೆ, ಅಷ್ಟರಲ್ಲಿ ಅಟ್ಟದ ಕೋಣೆ ಖಾಲಿ ಮಾಡಿಸು ಎಂದಿರಿ. ನಾನು "ಹೂಂ" ಎಂದೆ. ನೀವು "ಹಾಂ, ಮತ್ತೆ?" ಎಂದಿರಿ.

ಮತ್ತೇನೆಂದರೆ, ನಿಮಗೆ ಹೇಳದ ಒಂದು ಮಾತಿದೆ. ಆ ಸಂಜೆ ಮೆಟ್ಟಿಲಲ್ಲಿ ಕಲ್ಲು ಜಾರಿದಾಗ ದಿಗಂಬರ ಪಕ್ಕಕ್ಕೆ ಸರಿಯಬಹುದಿತ್ತು. ಜಾಗವಿತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಸಪ್ಲೈಯರು "ಬಿಡ್ರಿ, ಬಿಟ್ಟುಬಿಡ್ರಿ" ಎಂದು ಕೂಗಿದ್ದೂ ನನಗೆ ಕೇಳಿಸಿತು. ಅವನು ಬಿಡಲಿಲ್ಲ. ಯಾಕೆಂದರೆ ಅವನ ಹಿಂದೆ ಮೂರು ಮೆಟ್ಟಿಲ ಕೆಳಗೆ ಕಲ್ಲಿನ ಗುಂಡನ್ನು ಸೊಂಟಕ್ಕೆ ಆನಿಸಿಕೊಂಡು ನಾನು ಹತ್ತುತ್ತಿದ್ದೆ. ಅವನು ಒಮ್ಮೆ ತಿರುಗಿ ನನ್ನನ್ನು ನೋಡಿದ, ಆಮೇಲೆ ಕಲ್ಲಿಗೆ ಎದೆ ಕೊಟ್ಟ. ಬಿಟ್ಟಿದ್ದರೆ ಕಲ್ಲು ಪುಡಿಯಾಗುತ್ತಿತ್ತೋ ಇಲ್ಲವೋ, ನಾನಂತೂ ಈ ಕಾಗದ ಬರೆಯುತ್ತಿರಲಿಲ್ಲ. ಹದಿನೇಳು ದಿನದಿಂದ ನನಗೆ ಅನ್ನ ಇಳಿಯುತ್ತಿಲ್ಲ. ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೆಯೇ ಇದೆ. ನೀವು ಬಾರಾಮತಿಯಲ್ಲಿದ್ದು ಹೇಳಿದಿರಿ. ನಾನು ಎದುರಲ್ಲಿದ್ದು ಸುಮ್ಮನಿದ್ದೆ.

ಹೊಸ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಅಡುಗೆಮನೆಯ ಕಿಟಕಿಯಿಂದ ಕಂಪನಿಗಳ ಗಾಜಿನ ಗೋಡೆ ಕಾಣುತ್ತದೆ. ಹಾಲು ಉಕ್ಕಿಸುವುದೊಂದು ಇನ್ನೂ ಆಗಿಲ್ಲ, ನನಗೆ ಮನಸ್ಸಾಗಲಿಲ್ಲ. ಅಪೇಕ್ಷಾ ದಿನಾ ಬೆಳಿಗ್ಗೆ ಆಫೀಸಿಗೆ ನಡೆದೇ ಹೋಗುತ್ತಾಳೆ, ಅಷ್ಟರಮಟ್ಟಿಗೆ ಸುಖ. ನಿಮಗೆ ನಮಸ್ಕಾರ ತಿಳಿಸಿದ್ದಾಳೆ, ಬೇರೇನೂ ಹೇಳಲಿಲ್ಲ. ಹೋಟೆಲಿನ ಗಲ್ಲಾದಲ್ಲಿ ನಾನು ಕೂರುತ್ತಿದ್ದೇನೆ. ದೋಸೆ ಇಲ್ಲವೆಂದು ಹೇಳಿ ಹೇಳಿ ಬಾಯಿ ಒಣಗಿದೆ. ಚಳಿಯಲ್ಲಿ ತಲೆ ತೋಯಿಸಿ ಸ್ನಾನ ಮಾಡಬೇಡಿ. ಕ್ಯಾಂಟೀನಿನವರಿಗೆಲ್ಲ ನನ್ನ ನೆನಪು ಹೇಳಿ, ಅವರ ವಾರದ ರಜೆಯನ್ನು ಅವರಿಗೇ ಬಿಡಿ. ಅತ್ತೆಯ ಆಶೀರ್ವಾದ ನಮ್ಮಿಬ್ಬರ ಮೇಲೂ ಇನ್ನೂ ಉಳಿದಿದ್ದರೆ, ಅದು ನಿಮ್ಮನ್ನು ಕಾಯಲಿ.

ನಿಮ್ಮ ಮನೆಯವಳು,
ಲೀಲಾಕ್ಷಿ

ತಾ.ಕ.: ವ್ಯಾನಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ರಾತ್ರಿಯೇ ಹೊರಡುತ್ತಾನಂತೆ, ಬೇಗ ಬರೆಯುತ್ತೇನೆ. ಮಂಗಳವಾರ ಆಸ್ಪತ್ರೆಗೆ ಹೋಗಿ ಬಚ್ಚಲಿನ ಸಾಲನ್ನು ಹೊಡೆದುಹಾಕಿಸಿ, "ಯಜಮಾನರ ಮನೆಯ ಕಲ್ಲನ್ನು ಯಜಮಾನರ ಮಾತಿನಂತೆ ಹೊರುವಾಗ" ಎಂದು ಬರೆಸಿ ಸಹಿ ಮಾಡಿದ್ದೇನೆ. ಸಾಕ್ಷಿಯ ಜಾಗದಲ್ಲೂ ನನ್ನದೇ ಹೆಸರು. ಯಾರಾದರೂ ವಿಚಾರಿಸಲು ಬಂದರೆ ಇದನ್ನೇ ಹೇಳುತ್ತೇನೆ. ಶನಿವಾರ ಆಪರೇಶನ್, ಸೋಫಾ ಕೊಳ್ಳಲು ನೀವು ಇಟ್ಟಿದ್ದ ಹಣ ಕಟ್ಟಿದ್ದೇನೆ. ಅಟ್ಟದ ಕೋಣೆಯನ್ನು ನೀವು ಹೇಳಿದಂತೆ ನಿನ್ನೆ ಖಾಲಿ ಮಾಡಿಸಿದೆ. ಅದಕ್ಕೆ ಪ್ಯಾಕರ್ಸಿನವರನ್ನೇ ಕರೆಸಿದ್ದೆ. ಎರಡು ಟ್ರಂಕು, ಒಂದು ಸ್ಟೌ, ಸಾವಂತ್ರವ್ವನ ದೇವರ ಹಲಗೆ, ಎಲ್ಲಕ್ಕೂ ಕಂಬಳಿ ಸುತ್ತಿ, ಲಿಫ್ಟ್ ಬುಕ್ ಮಾಡಿ, ಒಂದು ತಟ್ಟೆಯೂ ನಗ್ಗದಂತೆ ತಂದು ನಿಮ್ಮ ಕೋಣೆಯಲ್ಲಿ ಜೋಡಿಸಿ ಹೋದರು. ಅವನು ತನ್ನ ಕಾಲ ಮೇಲೆ ನಿಲ್ಲುವವರೆಗೆ ಅವರಿಬ್ಬರೂ ಅಲ್ಲೇ ಇರುತ್ತಾರೆ. ಕಲ್ಲು ಮಾತ್ರ ಇನ್ನೂ ಮೆಟ್ಟಿಲ ತಿರುವಿನಲ್ಲೇ ಇದೆ. ಹೊಸ್ತಿಲ ಹೊರಗೆ ಹದಿನೇಳು ರಾತ್ರಿ ಕಳೆಯಿತು. ಅದನ್ನೂ ಒಯ್ಯಲೇ ಎಂದು ಪ್ಯಾಕರ್ಸಿನವರು ಕೇಳಿದರು, ಬೇಡವೆಂದೆ. ಅದನ್ನು ನಮ್ಮದೇ ಜನ ಹೊರಬೇಕು. ನಮ್ಮದೇ ಜನ ಎಂದರೆ ಈಗ ನೀವೊಬ್ಬರೇ ಉಳಿದಿದ್ದೀರಿ.