ನನ್ನ ದೊಡ್ಡ ಮಗಳಿಗೆ ನೀವು ಓದಲು ಕೊಡದ ಪುಟಗಳು

ಮಕ್ಕಳ ಪುಸ್ತಕ ವಿಭಾಗದ ನಿರ್ದೇಶಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ವಿಭಾಗವು ಈ ವರ್ಷ ಶಾಲೆಗಳಿಗೆ ಹಂಚಿದ ವೃತ್ತಿ ಪರಿಚಯದ ಪುಸ್ತಕದಲ್ಲಿ ಕಣ್ಣು ಕಾಣುವ ಮಕ್ಕಳಿಗೆ ಮೂವತ್ತು ಕೆಲಸಗಳಿವೆ. ಅದೇ ಹೆಸರಿನ, ಅದೇ ಮುನ್ನುಡಿಯ ಬ್ರೈಲ್ ಪುಸ್ತಕದಲ್ಲಿ, ಅಂದರೆ ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಪುಸ್ತಕದಲ್ಲಿ, ನಾಲ್ಕೇ ನಾಲ್ಕು. ಉಳಿದವು ಎಲ್ಲಿ ಹೋದವು ಎಂದು ಕೇಳಲು ಈ ಪತ್ರ. ನಿಮ್ಮ ಕಚೇರಿಗೆ ಬಂದು ಕೇಳಿದ್ದಾಯಿತು, ಸಮಾಧಾನ ಹೇಳಿಸಿಕೊಂಡು ಹಿಂದಿರುಗಿದ್ದೂ ಆಯಿತು. ಈಗ ಹತ್ತು ಜನರ ಎದುರಿಗೆ ಕೇಳುತ್ತಿದ್ದೇನೆ.

ನಾನೂ ನನ್ನ ಯಜಮಾನರೂ ಸೇರಿ ಫ್ಯಾನು, ಮಿಕ್ಸಿ, ನೀರೆತ್ತುವ ಮೋಟರು ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇವೆ. ಮುಂದೆ ಅಂಗಡಿ, ಹಿಂದೆ ಮನೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹತ್ತು ವರ್ಷ, ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಚಿಕ್ಕವಳಿಗೆ ಎಂಟು, ಅವಳಿಗೆ ಕಾಣಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತದೆ. ಇಬ್ಬರೂ ಬೇರೆ ಬೇರೆ ಶಾಲೆಗೆ ಹೋಗುತ್ತಾರೆ, ಸಂಜೆ ಒಂದೇ ಬೆಂಚಿನ ಮೇಲೆ ಕೂತು ಜಗಳವಾಡುತ್ತಾರೆ.

ದೊಡ್ಡವಳು ಅಂಬೆಗಾಲಿಡುವಾಗಿನಿಂದ ಅಂಗಡಿಯಲ್ಲೇ ಬೆಳೆದವಳು. ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆ ಹಾಕಿ ನನ್ನ ಪಕ್ಕದ ಸ್ಟೂಲು ಹಿಡಿಯುತ್ತಿದ್ದಳು. ಓಡುತ್ತಿರುವ ಫ್ಯಾನಿನ ಬುಡಕ್ಕೆ ಅಂಗೈ ಇಟ್ಟು, ತಲೆ ವಾಲಿಸಿ, "ಅಮ್ಮ, ಇದರ ಬುಷ್ ಸವೆದಿದೆ" ಅನ್ನುತ್ತಿದ್ದಳು, ಅಂದರೆ ಒಳಗಿನ ದಂಡ ತಿರುಗುವ ಬಳೆ. ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ತಪ್ಪು. ತಪ್ಪಾದ ದಿನ ಅವಳ ಅಪ್ಪ, "ಡಾಕ್ಟರಮ್ಮ, ಪೇಷೆಂಟಿಗೆ ಕಾಲು ಮುರಿದಿದೆ, ನೀವು ಹಲ್ಲು ಕಿತ್ತು ಕಳಿಸಿದ್ದೀರಿ" ಎಂದು ರೇಗಿಸುತ್ತಿದ್ದರು. ಅವಳಿಗೂ ನಗು ತಡೆಯುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಏನಾಗ್ತೀಯ ಎಂದು ನಾವು ಯಾವತ್ತೂ ಕೇಳಿರಲಿಲ್ಲ. ಕೇಳಿದವರು ನೀವು, ಪುಸ್ತಕದ ಕೊನೆಯ ಸಾಲಿನಲ್ಲಿ.

ಎರಡು ಶಾಲೆಯಲ್ಲೂ ಪುಸ್ತಕ ಒಂದೇ ವಾರ ಕೊಟ್ಟರು. ಅವರಿಬ್ಬರಿಗೂ ಒಂದೇ ಪುಸ್ತಕ ಬಂದದ್ದು ಅದೇ ಮೊದಲು. ಮಕ್ಕಳಿಗೆ ಹಬ್ಬ. ಅಂಗಡಿಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ದೊಡ್ಡವಳು ಬೆರಳಾಡಿಸುತ್ತಾ ಜೋರಾಗಿ ಓದುವುದು, ಚಿಕ್ಕವಳು ತನ್ನದರಲ್ಲಿ ಅದೇ ಸಾಲು ಹಿಡಿದು ಜೊತೆಗೂಡುವುದು, ಇದು ಆಟ. ಮೊದಲ ಪುಟ ಶಿಕ್ಷಕಿ. ಇಬ್ಬರೂ ಒಂದೇ ದನಿಯಲ್ಲಿ ಓದಿದರು. ಎರಡನೆಯ ಪುಟಕ್ಕೆ ದೊಡ್ಡವಳು "ಗಾಯಕರು" ಎಂದಳು. ಚಿಕ್ಕವಳ ಎದುರಿಗೆ ಇದ್ದದ್ದು ವೈದ್ಯರ ಚಿತ್ರ.

ನಾನು ಮಿಕ್ಸಿಯ ಜಾರು ಬಿಚ್ಚುತ್ತಾ ನೋಡುತ್ತಿದ್ದೆ. ಚಿಕ್ಕವಳು ಒಂದು ಗಳಿಗೆ ಅಕ್ಕನ ಮುಖ ನೋಡಿದಳು, ಆಮೇಲೆ ತನ್ನ ಪುಸ್ತಕ. ಹಾಳೆಗಳನ್ನು ಸರಸರ ತಿರುಗಿಸಿ ಗಾಯಕರ ಪುಟ ಹುಡುಕಿ, ಓಡಿಬಂದವಳ ಹಾಗೆ ಉಸಿರುಬಿಡುತ್ತಾ ಅಕ್ಕನ ಜೊತೆ ಸೇರಿಕೊಂಡಳು. ಅದಾದ ಮೇಲೆ ಟೆಲಿಫೋನ್ ಆಪರೇಟರ್. ಮತ್ತೆ ಒಂದು ಕಟ್ಟು ಹಾಳೆ ಸರಸರ. ಆಮೇಲೆ ಕುರ್ಚಿ ಹೆಣೆಯುವವರು. ಅಷ್ಟಕ್ಕೆ ದೊಡ್ಡವಳ ಪುಸ್ತಕ ಮುಗಿದು, "ಮಕ್ಕಳೇ, ಇವರಲ್ಲಿ ನೀವು ಯಾರಾಗುತ್ತೀರಿ?" ಎಂಬ ಸಾಲು ಬಂತು. ಚಿಕ್ಕವಳೂ ಆ ಸಾಲು ಹುಡುಕಿ ಓದಿ, "ನಂದೂ ಮುಗೀತು" ಎಂದು ಪುಸ್ತಕ ಮುಚ್ಚಿದಳು.

"ಒಂದು ಪುಟಕ್ಕೆ ಅಷ್ಟೊಂದು ಹಾಳೆ ಯಾಕೆ ತಿರುಗಿಸ್ದೆ?" ಎಂದಳು ದೊಡ್ಡವಳು.

"ಅಂಟ್ಕೊಂಡಿದ್ವು."

"ಅಂಟ್ಕೊಂಡಿದ್ರೆ ಸದ್ದಾಗಲ್ಲ ಕಣೇ."

ಚಿಕ್ಕವಳು ನನ್ನ ಕಡೆ ನೋಡಿದಳು. ದೊಡ್ಡವಳು ಕೈಚಾಚಿ ತಂಗಿಯ ಪುಸ್ತಕ ತೆಗೆದುಕೊಂಡು, ಅಂಚಿನ ಮೇಲೆ ಹೆಬ್ಬೆರಳು ಹಾಯಿಸಿ, ಹಿಂದಿರುಗಿಸಿ ಹೇಳಿದಳು: "ಬಿಟ್ಟಿದ್ದೆಲ್ಲ ಓದು."

ಓದಿದಳು. ವೈದ್ಯರು, ಬ್ರೆಡ್ಡು ಮಾಡುವವರು, ವಿಮಾನ ನಡೆಸುವವರು, ವಕೀಲರು, ಗಡಿಯಾರ ರಿಪೇರಿಯವರು, ತೋಟಗಾರರು. ಮೋಟರು ರಿಪೇರಿಯವರ ಪುಟ ಬಂದಾಗ ಅವಳ ದನಿ ಸಣ್ಣಗಾಯಿತು. ಆ ಪುಟದಲ್ಲಿ, ಮಾನ್ಯರೇ, ನಿಮ್ಮ ಲೇಖಕರು ಚೆನ್ನಾಗಿಯೇ ಬರೆದಿದ್ದಾರೆ: ಇವರು ಯಂತ್ರದ ಸದ್ದು ಕೇಳಿ ಅದರ ಕಾಯಿಲೆ ಹೇಳಬಲ್ಲರು. ದೊಡ್ಡವಳು ತನ್ನ ಪುಸ್ತಕವನ್ನು ಮೊದಲಿಂದ ಕೊನೆಯತನಕ ಇನ್ನೊಮ್ಮೆ ಬೆರಳಿನಿಂದ ಹುಡುಕಿದಳು. ಆಮೇಲೆ ಕೇಳಿದಳು, "ಅಮ್ಮ, ಇದು ನನ್ನದ್ರಲ್ಲಿ ಯಾಕಿಲ್ಲ?"

ಅದೇ ಪ್ರಶ್ನೆ ಹೊತ್ತು, ಎರಡೂ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಕೆಟ್ಟವರಲ್ಲ, ಕೂರಿಸಿ ನೀರು ಕೊಟ್ಟರು.

"ಬ್ರೈಲ್ ಪುಸ್ತಕ ತುಂಬ ದಪ್ಪ ಆಗುತ್ತಮ್ಮ. ಅದಕ್ಕೆ ಸಂಕ್ಷಿಪ್ತ ಮಾಡಿದ್ದೀವಿ" ಎಂದರು.

"ಸಂಕ್ಷಿಪ್ತ ಅಂದ್ರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೆಗೀಬೇಕಲ್ವಾ ಸಾರ್? ಇಲ್ಲಿ ನಾಲ್ಕನ್ನ ಪೂರ್ತಿ ಇಟ್ಟು ಮಿಕ್ಕಿದ್ದನ್ನ ಪೂರ್ತಿ ತೆಗೆದಿದ್ದೀರಿ."

"ಅವರಿಗೆ ಸೂಕ್ತವಾದ್ದನ್ನ ಆರಿಸಿದ್ದೀವಿ. ಕೈಲಾಗದ್ದನ್ನೆಲ್ಲ ಓದಿ ಮಗು ಮನಸ್ಸಿಗೆ ಬೇಜಾರು ಮಾಡ್ಕೋಬಾರದು, ನೋಡಿ. ತಾಯಿಯಾಗಿ ನಿಮಗೇ ಗೊತ್ತಿರುತ್ತೆ."

ಎಂಥ ಕರುಣೆ ನಿಮ್ಮದು. ನನ್ನ ಚಿಕ್ಕ ಮಗಳಿಗೆ ಏಣಿಯ ಮೂರನೇ ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತದೆ. ಅವಳ ಮನಸ್ಸಿಗೆ ಬೇಜಾರಾದೀತೆಂದು ವಿಮಾನದ ಪುಟವನ್ನು ನೀವು ಕಿತ್ತುಹಾಕಿಲ್ಲ. ರಕ್ತ ಕಂಡರೆ ಕುಸಿಯುವ ಮಕ್ಕಳಿಗೆಂದು ವೈದ್ಯರಿಲ್ಲದ ಪುಸ್ತಕ ಅಚ್ಚು ಹಾಕಿಲ್ಲ. ಲೆಕ್ಕದಲ್ಲಿ ಸೊನ್ನೆ ಸುತ್ತುವವರಿಗೆ ಬ್ಯಾಂಕಿನವರನ್ನು ಬಚ್ಚಿಟ್ಟಿಲ್ಲ. ಅವರ ವಿಷಯದಲ್ಲಿ ನಿಮ್ಮ ನಂಬಿಕೆ ಏನೆಂದರೆ, ಮಕ್ಕಳು ಓದಲಿ, ಕನಸು ಕಾಣಲಿ, ಬೆಳೆಯುತ್ತಾ ಬೆಳೆಯುತ್ತಾ ತಾವೇ ಆರಿಸಿಕೊಳ್ಳಲಿ. ನನ್ನ ದೊಡ್ಡ ಮಗಳ ವಿಷಯದಲ್ಲಿ ಮಾತ್ರ ಆರಿಸುವ ಶ್ರಮವನ್ನೂ ನೀವೇ ವಹಿಸಿಕೊಂಡಿರಿ. ಅವಳ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಹೆತ್ತ ನನಗೇ ಇನ್ನೂ ಗೊತ್ತಿಲ್ಲ. ಅವಳನ್ನು ಒಮ್ಮೆಯೂ ಕಾಣದ ನಿಮಗೆ ಹೇಗೆ ಗೊತ್ತಾಯಿತು?

ಇನ್ನೂ ಒಂದು ಮಾತು. ಇಂಥ ಪುಸ್ತಕವೇನು ನೇಮಕಾತಿ ಆದೇಶವೇ? ವಕೀಲರ ಪುಟ ಓದಿದ ಮಗುವೆಲ್ಲ ಕರಿ ಕೋಟು ಹೊಲಿಸುತ್ತದೆಯೇ? ತಾನು ತಿನ್ನುವ ಬ್ರೆಡ್ಡು ಯಾರ ಕೈಯಲ್ಲಿ ಬೆಂದಿತು, ಮನೆಯ ನಲ್ಲಿಗೆ ನೀರು ಯಾರು ಬಿಡುತ್ತಾರೆ, ತನ್ನನ್ನು ಶಾಲೆಗೆ ಒಯ್ಯುವ ಬಸ್ಸಿನವನು ದಿನವಿಡೀ ಏನು ಮಾಡುತ್ತಾನೆ ಎಂದು ತಿಳಿಯುವುದಕ್ಕೂ ಮಗು ಓದುತ್ತದೆ. ಕಣ್ಣು ಕಾಣುವವರು ಇದನ್ನೆಲ್ಲ ಬೀದಿಯಲ್ಲಿ ನಡೆಯುತ್ತಲೇ ನೋಡಿಬಿಡುತ್ತಾರೆ. ನೋಡಲಾಗದವಳಿಗೆ ಪುಸ್ತಕವೇ ಬೀದಿ. ಅವಳಿಗೇ ನೀವು ನಾಲ್ಕು ಬಾಗಿಲು ಬಿಟ್ಟು ಮಿಕ್ಕ ಮನೆಗಳನ್ನೆಲ್ಲ ಅಳಿಸಿಬಿಟ್ಟಿರಿ.

ಕಚೇರಿಯಿಂದ ಬಂದು ಅವಳಿಗೆ ನಿಜ ಹೇಳಿದೆ, ಕಾಗದ ಉಳಿಸಲು ಬಿಟ್ಟರಂತೆ ಎಂಬಷ್ಟು ನಿಜ. "ಓಹೋ" ಅಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಶಾಲೆಯಿಂದ ಬಂದವಳು ಅಂಗಡಿಯಲ್ಲಿ ನಿಲ್ಲದೆ ನೇರ ಒಳಗೆ ಹೋದಳು. ಹೋಮ್‌ವರ್ಕ್ ಇರಬೇಕು ಅಂದುಕೊಂಡೆವು. ವಾರ ಕಳೆಯಿತು, ಹದಿನೈದು ದಿನ ಕಳೆಯಿತು, ಅವಳ ಸ್ಟೂಲಿನ ಮೇಲೆ ಗಿರಾಕಿಗಳು ಕೂರತೊಡಗಿದರು. ಒಮ್ಮೆ ಗಡಗಡ ಸದ್ದು ಮಾಡುವ ಟೇಬಲ್ ಫ್ಯಾನು ಬಂತು. ಅವಳ ಅಪ್ಪ ಬೇಕೆಂದೇ, "ಡಾಕ್ಟರಮ್ಮ, ನನಗೆ ತಿಳೀತಿಲ್ಲ, ಸ್ವಲ್ಪ ಬನ್ನಿ" ಎಂದು ಕೂಗಿದರು. ಒಳಗಿನಿಂದ ಮೆಲ್ಲಗೆ ಉತ್ತರ ಬಂತು: "ನೀವೇ ನೋಡಿ ಅಪ್ಪ. ಅದು ನಮ್ಮ ಪುಸ್ತಕದಲ್ಲಿಲ್ಲ." ಅವರು ಫ್ಯಾನು ನಿಲ್ಲಿಸಿದರು.

ಶಾಲೆಯಲ್ಲಿ ಟೀಚರು ನಿಮ್ಮ ಕೊನೆಯ ಸಾಲಿನ ಪ್ರಶ್ನೆ ಕೇಳಿದಾಗ, "ಕುರ್ಚಿ ಹೆಣೀತೀನಿ" ಎಂದಳಂತೆ. ಕುರ್ಚಿ ಹೆಣೆಯುವವರ ಮೇಲೆ ನನಗೆ ಗೌರವವಿದೆ. ಅವರು ಹೆಣೆದ ಕುರ್ಚಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ಇಷ್ಟಪಟ್ಟು ಹೇಳಿದ್ದರೆ ನಾನೇ ಬೆತ್ತ ತಂದುಕೊಡುತ್ತಿದ್ದೆ. ಆದರೆ ಕಹಿ ಔಷಧ ನುಂಗುವವಳ ಹಾಗೆ ಹೇಳಿದಳು ಎಂದು ಟೀಚರೇ ನನ್ನೊಡನೆ ಹೇಳಿ ಕಣ್ಣು ಒರೆಸಿಕೊಂಡರು. ಚಿಕ್ಕವಳು ತನ್ನ ಪುಸ್ತಕವನ್ನು ಮತ್ತೆ ಮುಟ್ಟಿಲ್ಲ. "ಅಕ್ಕಂಗೆ ಇಲ್ಲದ್ದು ನಂಗೂ ಬೇಡ" ಎಂದು ಗಾಡ್ರೆಜ್ ಬೀರುವಿನ ತಲೆಯ ಮೇಲೆ, ತನಗೇ ಎಟುಕದ ಕಡೆ, ನನ್ನ ಕೈಲೇ ಇಡಿಸಿದಳು.

ಆ ಟೀಚರು ಪುಣ್ಯಾತ್ಮರು. ಒಂದು ಭಾನುವಾರ ಪೂರ್ತಿ ಕೂತು, ಮೋಟರು ರಿಪೇರಿಯವರ ಪುಟವನ್ನು ಕೈಯಾರೆ ಬ್ರೈಲಿನಲ್ಲಿ ಚುಚ್ಚಿ ತಂದರು. ಪುಸ್ತಕದ ಅಳತೆಗೇ ಕತ್ತರಿಸಿದ್ದರು. ನಾನು ಅದನ್ನು ಮಗಳ ಕೈಗಿಟ್ಟು, "ನೋಡು, ಬಿಟ್ಟುಹೋಗಿದ್ದ ಹಾಳೆ ಸಿಕ್ಕಿತು" ಎಂದೆ. ಅವಳು ಒಂದೇ ಸಾಲು ಓದಿದಳು.

"ಇದು ಟೀಚರ್ ಬರೆದದ್ದು" ಎಂದಳು. "ಅಚ್ಚಾದದ್ದು ಹೀಗಿರಲ್ಲ ಅಮ್ಮ. ಚುಕ್ಕಿ ಎಲ್ಲ ಒಂದೇ ಸಮ ಇರುತ್ತೆ."

"ಯಾರು ಬರೆದರೇನು? ಮಾತು ಅದೇ ಅಲ್ವಾ?"

"ಅದೇ. ಆದ್ರೆ ನೀವು ನನ್ನ ಮೇಲಿನ ಪ್ರೀತಿಗೆ ಬರೆಸಿದ್ದು. ಪುಸ್ತಕದವರು ನಿಜ ಅಂತ ಬರೀತಾರೆ."

ಹಾಳೆಯನ್ನು ಜೋಪಾನವಾಗಿ ಮಡಿಸಿ ನನಗೇ ಕೊಟ್ಟಳು, ಟೀಚರಿಗೆ ಬೇಸರವಾಗಬಾರದು ಎಂದೂ ಸೇರಿಸಿದಳು. ಮಾನ್ಯರೇ, ಅವಳಿಗೆ ನಿಮ್ಮ ಮಾತಿನ ಮೇಲೆ ಇರುವ ನಂಬಿಕೆ ನನ್ನ ಮಾತಿನ ಮೇಲಿಲ್ಲ. ಇಲ್ಲವಾದರೆ ಈ ಪತ್ರ ಬರೆಯುವ ಅಗತ್ಯವೇ ಇರಲಿಲ್ಲ. ನಾನು ಅವಳ ತಲೆ ಸವರಿ ಹೇಳಿದ್ದು ತಾಯಿಯ ಮಾತಾಗುತ್ತದೆ, ನೀವು ಮಾಡಿದ್ದು ಲೋಕದ ಮಾತಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪುಸ್ತಕವನ್ನು ಪೂರ್ತಿ ಅಚ್ಚು ಹಾಕಿಸಿ. ಮೂರು ಸಂಪುಟವಾಗಲಿ, ಐದಾಗಲಿ, ಹೊರಲಾರದಷ್ಟು ಭಾರವಾಗಲಿ, ಹೊರುವವರು ನಾವಿದ್ದೇವೆ. ಸೂಕ್ತ, ಅಸೂಕ್ತ ನೋಡಬೇಡಿ. ಸಹಾನುಭೂತಿಯ ಮುನ್ನುಡಿ ಬೇಡ. ಮುಂದಿನ ವರ್ಷ ನೋಡೋಣ, ಸಮಿತಿಯ ಮುಂದಿಡೋಣ ಎನ್ನಬೇಡಿ. ನನ್ನ ಮಗಳು "ಯಾಕಿಲ್ಲ" ಎಂದು ಕೇಳಿದ್ದು ಒಂದೇ ಸಲ. ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಇಲ್ಲದಿರುವುದೇ ಸರಿ ಎಂದು ಅವಳಿಗೆ ಪೂರ್ತಿ ಅಭ್ಯಾಸವಾಗುವ ಮೊದಲು ಕಳಿಸಿ.

ಇಂತಿ,
"ತಮ್ಮ ವಿಶ್ವಾಸಿ" ಎಂದು ಬರೆಯಲು ಕೈ ಬಾರದ
ಒಬ್ಬ ಫ್ಯಾನು ರಿಪೇರಿಯವಳು