ಅರ್ಧ ಬಕೆಟ್ ಉಪ್ಪುನೀರು

ಕಲ್ಯಾಣ ನಗರ, ಬೆಂಗಳೂರು
೧೮ ಮೇ ೨೦೨೫, ಭಾನುವಾರ

ರಾಜೇಶ್ವರಿಯವರಿಗೆ ದಿವ್ಯ ಮಾಡುವ ನಮಸ್ಕಾರ.

ನೀವು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ನಾಲ್ಕು ವರ್ಷವೂ ನಿಮ್ಮನ್ನು ‘ನೀನು’ ಎಂದೇ ಕರೆದೆ. ಇವತ್ತು ಬರೆಯಲು ಕೂತರೆ ಆ ಮಾತು ಕೈಗೆ ಬರುತ್ತಿಲ್ಲ. ನಿಮಗೆ ಓದಲು ಬರುವುದಿಲ್ಲ, ಮಗಳು ಶಾಂಭವಿಯೇ ಓದಿ ಹೇಳುತ್ತಾಳೆ ಎಂದು ಗೊತ್ತು. ಅವಳ ಬಾಯಿಂದಲೇ ನೀವು ಇದನ್ನು ಕೇಳಬೇಕು.

ಹೋದ ವಾರ, ನಮ್ಮ ಮನೆಯ ಟೈಲ್ಸ್ ಕೆಲಸ ಮಾಡಿಸಿದ ಹುಸೇನಪ್ಪ ಮೇಸ್ತ್ರಿಯ ಹತ್ತಿರ ವಿಳಾಸ ಪಡೆದು ಕೆ.ಆರ್. ಪುರಕ್ಕೆ ಬಂದಿದ್ದೆ. ನಿಮ್ಮ ಗಲ್ಲಿಯ ತಿರುವಿನಲ್ಲಿ ಶಾಂಭವಿ ಕೊಡ ಹಿಡಿದು ನೀರಿನ ಸಾಲಿನಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಬಂದ ಆಟೋದಲ್ಲೇ ವಾಪಸು ಹೋದೆ.

ಮಾರ್ಚ್‌ನಲ್ಲಿ ಕೆಳಮನೆಯ ನೆಲ ಒಡೆಸಿ ಟೈಲ್ಸ್ ಹಾಕಿಸಲು ಹೊರಟಾಗ, ನನ್ನ ಗಂಡ ಸುನಿಲ್ ಐದು ವರ್ಷದಿಂದ ಸಾಕಿದ್ದ ಸಮುದ್ರದ ಮೀನುಗಳ ಅಕ್ವೇರಿಯಂ ಎಲ್ಲಿಡುವುದೆಂದು ಚಿಂತೆಯಾಯಿತು. ಮಾವ, ನಾವು ಎಲ್ಲ ಬೆನ್ಸನ್ ಟೌನಿನ ನಾದಿನಿಯ ಮನೆಗೆ ಹೋಗುವವರಿದ್ದೆವು. ನಿಮ್ಮ ಕೋಣೆಯಲ್ಲಿಡೋಣ ಎಂದವಳು ನಾನು. ನಿಮ್ಮನ್ನು ಕೇಳಲಿಲ್ಲ, ಇಡುತ್ತೇವೆ ಎಂದು ಹೇಳಿದೆ, ಅಷ್ಟೇ. ಇರುವ ಒಂದು ಕೋಣೆಯಿಂದ ಮಂಚ ಹೊರಗಿಟ್ಟು, ಪಂಪಿನ ಗೊರಗೊರ ಸದ್ದಿನ ಪಕ್ಕದಲ್ಲೇ ಮೂವರೂ ಮಲಗಿದಿರಿ. ಬೆಳಗಾದರೆ ನಿಮ್ಮ ಯಜಮಾನರು ಚಂದ್ರಾಮಪ್ಪನವರು ನಮ್ಮದೇ ಮನೆಗೆ ಟೈಲ್ಸ್ ಕೂರಿಸಲು ಇಳಿಯುತ್ತಿದ್ದರು.

ಶಿವಾಜಿನಗರದ ಮೀನಿನಂಗಡಿಯ ಕಲೀಮುಲ್ಲಾ ಟ್ಯಾಂಕನ್ನು ಮೇಲೆ ಜೋಡಿಸಿದ ದಿನ ನನಗೆ ಒಂದು ಮಾತು ಒತ್ತಿ ಹೇಳಿದ್ದರು. ಆವಿಯಾಗಿ ಇಳಿದಷ್ಟು ನೀರಿಗೆ ಬರೀ ಫಿಲ್ಟರ್ ನೀರು ಹಾಕಬೇಕು, ಉಪ್ಪು ಆವಿಯಾಗದೆ ಒಳಗೇ ಉಳಿದಿರುತ್ತದೆ ಎಂದು. ನಾನು ಟೈಲ್ಸ್ ಅಂಗಡಿಯವನ ಜೊತೆ ಫೋನಿನಲ್ಲಿದ್ದೆ. ಅರ್ಧ ಕೇಳಿಸಿತು, ಪೂರ್ತಿ ತಲೆಯಾಡಿಸಿದೆ. ಸಮುದ್ರದ ಮೀನಿಗೆ ಉಪ್ಪುನೀರೇ ತಾನೇ ಎಂದುಕೊಂಡು, ಟ್ಯಾಂಕಿನ ನೀರನ್ನೇ ಬದಲಿಸುವಾಗ ಬಳಸಲೆಂದು ಅವರು ಉಪ್ಪು ಬೆರೆಸಿಟ್ಟಿದ್ದ ನೀರಿನ ಕ್ಯಾನುಗಳನ್ನು ತೋರಿಸಿ, ದಿನಾ ಅರ್ಧ ಬಕೆಟ್ ಹಾಕು ಎಂದೆ.

ನೀವು ಒಂದು ದಿನವೂ ತಪ್ಪಿಸಲಿಲ್ಲ. ಶಾಂಭವಿ ಗಾಜಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ನೀರು ಅಲ್ಲಿಗೇ ಬಂತಾ ಎಂದು ನೋಡುತ್ತಿದ್ದಳು. ಹದಿನೈದನೇ ದಿನ ನೀವು ಫೋನ್ ಮಾಡಿ, ಮೀನು ತಿನ್ನುತ್ತಿಲ್ಲ, ಮೂಲೆ ಹಿಡಿದಿವೆ ಎಂದಿರಿ. ಜಾಗ ಬದಲಾಗಿದೆ, ಸರಿಹೋಗುತ್ತವೆ ಎಂದೆ. ಬಂದು ನೋಡಲಿಲ್ಲ. ಆಮೇಲಿನ ವಾರ ಏಳೂ ಸತ್ತವು.

ಕೆಲಸದ ಮೇಲೆ ಚೆನ್ನೈಗೆ ಹೋಗಿದ್ದ ಸುನಿಲ್ ಅವತ್ತೇ ಬಂದರು. ಕಲೀಮುಲ್ಲಾ ನೀರು ಪರೀಕ್ಷೆ ಮಾಡಿ, ಉಪ್ಪು ವಿಪರೀತ ಏರಿದೆ ಎಂದರು. ನನಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಉಪ್ಪುನೀರು ಹಾಕು ಅಂದವರು ಯಾರು ಎಂದು ಮಾವ ಕೇಳಿದರು.

“ನಾನು ಫಿಲ್ಟರ್ ನೀರು ಅಂತಾನೇ ಹೇಳಿದ್ದೆ. ಇವಳಿಗೆ ಅರ್ಥ ಆಗಿಲ್ಲ,” ಎಂದೆ.

ನೀವು ನನ್ನ ಮುಖವನ್ನೇ ನೋಡಿದಿರಿ. “ನೀವು ತೋರಿಸಿದ್ದನ್ನ ಹಾಕೀನ್ರಿ ಅಕ್ಕಾರ,” ಎಂದಷ್ಟೇ ಹೇಳಿದಿರಿ. ಶಾಂಭವಿ ಸುಮ್ಮನಾಗಲಿಲ್ಲ. “ಆಂಟಿ, ನಾನೂ ಅಲ್ಲೇ ಇದ್ದೆ. ಕ್ಯಾನ್ ತೋರಿಸಿದ್ದು ನೀವೇ,” ಎಂದಳು.

“ಸುಳ್ಳು ಹೇಳ್ಬೇಡ,” ಎಂದು ಅವಳನ್ನು ಗದರಿದೆ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು ನಾನು. ನೀವು ಮಗಳ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡಿರಿ.

ಯಾಕೆ ಹಾಗಂದೆ ಎಂದು ನೀವು ಕೇಳದಿದ್ದರೂ ಹೇಳುತ್ತೇನೆ. ಆ ಟ್ಯಾಂಕಿನ ವಿಷಯಕ್ಕೆ ನಾನೂ ಸುನಿಲ್ಲೂ ಎಷ್ಟೋ ಸಲ ಜಗಳ ಆಡಿದ್ದೆವು. ಅದನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಬೇಕೆಂದೇ ಸಾಯಿಸಿದಳು ಅಂದುಕೊಳ್ಳುತ್ತಾರೆ ಎಂದು ಹೆದರಿದೆ. ಆ ಹೆದರಿಕೆಗೆ ನಿಮ್ಮನ್ನು ಮುಂದೆ ತಳ್ಳಿದೆ. ಭಾನುವಾರದೊಳಗೆ ಮನೆ ಖಾಲಿ ಮಾಡಿ ಎಂದು ಮಾವ ಹೇಳುವಾಗಲೂ ಅಲ್ಲೇ ನಿಂತಿದ್ದೆ. ನಿಮ್ಮ ಪಾತ್ರೆಗಳು ಲಗೇಜ್ ಆಟೋಗೆ ಏರುವಾಗ ಕಿಟಕಿಯ ಹಿಂದೆ ಇದ್ದೆ.

ಮಾವ ಈ ಕಡೆಯ ಮನೆಯವರಿಗೆಲ್ಲ ನಿಮ್ಮ ಬಗ್ಗೆ ಹೇಳಿದ್ದಾರಂತೆ. ಚಂದ್ರಾಮಪ್ಪನವರನ್ನು ಇಲ್ಲಿ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲವೆಂದು ಹುಸೇನಪ್ಪನಿಂದ ತಿಳಿಯಿತು. ಈ ಪತ್ರ ನಿಮ್ಮ ಹತ್ತಿರ ಇರಲಿ. ಯಾರಿಗೆ ಬೇಕಾದರೂ ತೋರಿಸಿ. ರಾಜೇಶ್ವರಿ ನಾನು ಹೇಳಿದಷ್ಟೇ ಮಾಡಿದರು, ತಪ್ಪು ಹೇಳಿದವಳು ನಾನು.

ಶಾಂಭವಿ, ಇದು ನಿನಗೆ. ಅವತ್ತು ನೀನು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಾನು. ಈ ಸಾಲನ್ನು ಅಮ್ಮನಿಗೆ ಎರಡು ಸಲ ಓದು.

ನಿಮ್ಮೆದುರು ಬಂದು ನಿಲ್ಲಲಾರದ,
ದಿವ್ಯ

ಮರೆತ ಮಾತು: ಉತ್ತರ ಬರೆಯುವುದಾದರೆ ಮನೆಗೆ ಬೇಡ, ಲಕೋಟೆಯ ಹಿಂದೆ ಬರೆದಿರುವ ಶಾಲೆಯ ವಿಳಾಸಕ್ಕೆ ಹಾಕಿ. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸುನಿಲ್‌ಗೂ ಮಾವನಿಗೂ ನಾನಿನ್ನೂ ಹೇಳಿಲ್ಲ.