ಗಾಜಿನ ಗೂಡಿನಲ್ಲಿ ‘ನಾನು’

ಭಾನುವಾರ, ಬೆಳಿಗ್ಗೆ

ಅಮ್ಮಾ,

ಪ್ರತಿ ಭಾನುವಾರ ಈ ಹೊತ್ತಿಗೆ ಫೋನ್ ಮಾಡುವವಳು ಇವತ್ತು ಕಾಗದ, ಪೆನ್ನು ಹಿಡಿದು ಕೂತಿದ್ದೇನೆ. ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ, ಕೆಲಸವೂ ಸದ್ಯಕ್ಕೆ ಇದೆ. ಫೋನಿನಲ್ಲಿ ನಿನ್ನ ಮಂಡಿನೋವು, ನನ್ನ ಊಟ, ಎರಡೂ ಕಡೆಯ ಚಳಿ ಬಿಸಿಲು ಮುಗಿದರೆ ನಮಗೆ ಮಾತು ಉಳಿಯುವುದಿಲ್ಲ. ನೀನು ಫೋನೆತ್ತಿ, ಹಲೋ ಎನ್ನುವ ಬದಲು ಶಾಲೆಯಲ್ಲಿ ಹಾಜರಿ ಕರೆದಂತೆ ನನ್ನ ಪೂರ್ತಿ ಹೆಸರು ಹೇಳುತ್ತೀಯ. ನಾನು ‘ಹಾಜರ್’ ಎನ್ನುತ್ತೇನೆ. ಇಬ್ಬರೂ ನಗುತ್ತೇವೆ. ಇಷ್ಟು ವರ್ಷಗಳಲ್ಲಿ ನಾವು ಆಡಿರುವ ಅತಿ ಸಲಿಗೆಯ ಮಾತು ಅದೇ ಇರಬೇಕು.

ನಾನು ದುಭಾಷಿ ಎಂದು ನಿನಗೆ ಗೊತ್ತು. ಆ ಕೆಲಸ ಹೇಗೆ ನಡೆಯುತ್ತದೆಂದು ನೀನು ಕೇಳಿಲ್ಲ, ನಾನೂ ಹೇಳಿಲ್ಲ. ದೊಡ್ಡ ಸಭಾಂಗಣದ ಹಿಂಬದಿ ಗೋಡೆಯಲ್ಲಿ ಇಬ್ಬರು ಕೂರುವಷ್ಟು ಅಗಲದ ಗಾಜಿನ ಗೂಡು. ಎರಡು ಮೈಕು, ಒಂದು ಹೂಜಿ ನೀರು, ಕೆಮ್ಮು ಬಂದಾಗ ಮೈಕಿನ ಬಾಯಿ ಮುಚ್ಚಿಸಲು ಒಂದು ಕೆಂಪು ಗುಂಡಿ. ತಿಂಗಳಿಗೊಮ್ಮೆ ಹೆಸರುವಾಸಿಯಾದ ಒಬ್ಬರು ಬಂದು ತಮ್ಮ ಬದುಕಿನ ಕಥೆ ಹೇಳುತ್ತಾರೆ. ಅವರ ಮಾತು ನನ್ನ ಕಿವಿಗೆ ಅವರ ಭಾಷೆಯಲ್ಲಿ ಬಂದು, ನನ್ನ ಬಾಯಿಂದ ನಮ್ಮ ಭಾಷೆಯಲ್ಲಿ ಹೊರಡುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರ ಪಾಲಿಗೆ ಆ ಹೊತ್ತು ಅವರೇ ನಾನು.

ಇದು ಉತ್ಪ್ರೇಕ್ಷೆಯಲ್ಲ, ಕೆಲಸದ ನಿಯಮ. ಅತಿಥಿ ‘ನಾನು’ ಎಂದರೆ ನಾನೂ ‘ನಾನು’ ಎನ್ನಬೇಕು. ‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನುವಂತಿಲ್ಲ. ನನ್ನ ಜೊತೆ ಕೂರುವ ಹಿರಿಯರು ಮೊದಲು ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದವರು. ಎಲ್ಲರಿಗೂ ಅವರು ಮೇಷ್ಟ್ರು. ಕೆಲಸಕ್ಕೆ ಸೇರಿದ ದಿನವೇ ಅವರು ನನಗೆ ಹೇಳಿದ್ದರು: “ನೋಡಮ್ಮಾ, ಈ ಗೂಡಿನೊಳಗೆ ನೀನು ಉತ್ತಮ ಪುರುಷ. ಹೆಂಗಸಾದರೂ ಉತ್ತಮ ಪುರುಷನೇ. ಪ್ರಥಮ ಪುರುಷ, ಆ ಅವನು ಅವಳು ಎಲ್ಲ, ಹೊರಗೆ ಚಪ್ಪಲಿ ಹತ್ತಿರ ಇರಲಿ.”

ನಮ್ಮ ಭಾಷೆ ಇದಕ್ಕೆಂದೇ ಹುಟ್ಟಿದ ಹಾಗಿದೆ. ‘ಬಂದೆ’ ಎಂದರೆ ಬಂದದ್ದು ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ. ಬಂದ, ಬಂದಳು ಎನ್ನುವಾಗ ಇರುವ ಗೋಡೆ ‘ಬಂದೆ’ಯಲ್ಲಿ ಇಲ್ಲ. ಹಾಗಾಗಿ ನಾನು ಯಾರು ಬೇಕಾದರೂ ಆಗಬಲ್ಲೆ. ಆಗಿದ್ದೇನೆ ಕೂಡ. ಕಾರ್ಯಕ್ರಮದ ದಿನ ಮೇಷ್ಟ್ರು ಗೂಡಿನ ಬಾಗಿಲು ತೆಗೆಯುತ್ತಾ ಕೇಳುತ್ತಾರೆ, “ಏನಮ್ಮಾ, ಇವತ್ತು ಯಾರು ನೀನು?” “ಕುಸ್ತಿ ಪೈಲ್ವಾನ, ಮೇಷ್ಟ್ರೇ.” “ಹಾಗಾದರೆ ಆ ಕಡೆ ಕುರ್ಚಿ ನಿನಗಿರಲಿ, ಇದರ ಕಾಲು ಅಲ್ಲಾಡುತ್ತೆ.”

ಆ ಪೈಲ್ವಾನರ ದನಿ ಎಷ್ಟು ಮೆತ್ತಗಿತ್ತೆಂದರೆ ಮೈಕನ್ನು ಅವರ ಗಡ್ಡಕ್ಕೆ ತಾಗುವಷ್ಟು ಹತ್ತಿರ ತಂದಿಡಬೇಕಾಯಿತು. ಸೋಲಿಸಿದವರ ಮುಖಗಳು ನೆನಪಿಲ್ಲ, ಅವರ ತಲೆಗೆ ಹಾಕಿದ್ದ ಎಣ್ಣೆಯ ವಾಸನೆ ನೆನಪಿದೆ ಎಂದರು. ಗಣಿತಜ್ಞರೊಬ್ಬರು ಬಂದಿದ್ದರು. ವರ್ಷಗಟ್ಟಲೆ ಬಿಡಿಸಲಾಗದ ಲೆಕ್ಕ ಕ್ಷೌರದಂಗಡಿಯಲ್ಲಿ ಹೊಳೆದು, ಅರ್ಧ ಮುಖದ ಸಾಬೂನಿನೊಂದಿಗೆ ಮನೆಗೆ ಓಡಿದವರು. ‘ಹೆಂಡತಿ ಬಾಗಿಲು ತೆಗೆದು ನನ್ನನ್ನು ನೋಡಿ, ಮೊದಲು ಇನ್ನರ್ಧ ಮುಗಿಸಿಕೊಂಡು ಬನ್ನಿ ಎಂದಳು’ ಎಂದು ನಾನು ಹೇಳಿದಾಗ ಇಡೀ ಸಭೆ ನಕ್ಕಿತು. ಬಾಹ್ಯಾಕಾಶಕ್ಕೆ ಹೋಗಿ ಬಂದವರು, ವಾಪಸ್ಸಾದ ಮೇಲೂ ಲೋಟವನ್ನು ಗಾಳಿಯಲ್ಲಿ ಬಿಟ್ಟು ಬಿಟ್ಟು ಮನೆಯ ಗಾಜಿನ ಸಾಮಾನೆಲ್ಲ ಒಡೆದರಂತೆ. ಆ ಸಂಜೆ ನಾನೂ ಮನೆಯಲ್ಲಿ ಕಾಫಿ ಲೋಟ ಹಿಡಿದು ಒಂದು ಕ್ಷಣ ಯೋಚಿಸಿದೆ! ಇನ್ನೊಬ್ಬರು ಶಸ್ತ್ರಚಿಕಿತ್ಸಕಿ. ಆಗತಾನೇ ಹುಟ್ಟಿದ ಕೂಸಿನ ಹೃದಯವನ್ನು ಎರಡು ಬೆರಳಲ್ಲಿ ಹಿಡಿದ ಕಥೆ ಹೇಳಿದರು. ‘ಹಿಡಿದೆ’ ಎನ್ನುವಾಗ ನನ್ನ ಬೆರಳುಗಳು ತಾವಾಗಿಯೇ ಹಾಗೆ ಕೂಡಿಕೊಂಡಿದ್ದವು. ಮಾತು ಮುಗಿದು ಎಷ್ಟೋ ಹೊತ್ತು ಬಿಡಿಸಲು ಮನಸ್ಸಾಗಲಿಲ್ಲ.

ಅಮ್ಮಾ, ಇಂಥ ಬದುಕುಗಳನ್ನು ಬಾಯಿ ತುಂಬ ‘ನಾನು’ ಎಂದು ಹೇಳಿ ಹೊರಬಂದಾಗ ರಸ್ತೆ ಬೇರೆಯಾಗಿ ಕಾಣುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ, ಇವರ ಒಳಗೆ ಏನೇನಿದೆಯೋ ಎಂದು ನೋಡುತ್ತೇನೆ. ನಿನ್ನನ್ನು ಮಾತ್ರ ಹಾಗೆ ನೋಡಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಹೋದ ಶುಕ್ರವಾರದ ಅತಿಥಿ ಯಾರೆಂದು ಮೊದಲೇ ತಿಳಿಸಿದ್ದರು. ನಾನು ಬರುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಆ ಜಲಸಂಧಿಯನ್ನು ಆ ದಡಕ್ಕೆ ಈಜಿ, ನಿಲ್ಲದೆ ಈ ದಡಕ್ಕೆ ವಾಪಸ್ ಈಜಿದ ಹೆಂಗಸು. ಹೌದು, ಅವರೇ. ನೀನು ಹೋಗಿದ್ದೆಯಲ್ಲ, ಅದೇ ನೀರು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನೀನು ನನ್ನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು, ಅಲ್ಲೇ ಇದ್ದು ತಯಾರಾಗಿ ಈಜಲು ಹೋದೆ. ಹೊರಡುವಾಗ ಪೇಪರಿನಲ್ಲಿ ನಿನ್ನ ಫೋಟೊ ಬಂದಿತ್ತು. ನಾನು ನಾಲ್ಕನೇ ಕ್ಲಾಸು ಮುಗಿಸುವ ಹೊತ್ತಿಗೆ ನೀನು ವಾಪಸ್ ಬಂದೆ. ಆಗ ಯಾವ ಪೇಪರಿನಲ್ಲೂ ಏನೂ ಬರಲಿಲ್ಲ. ‘ದಡ ಕಾಣುತ್ತಿತ್ತಂತೆ, ಅಷ್ಟರಲ್ಲಿ ದೋಣಿ ಹತ್ತಿದಳಂತೆ’ ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಆಮೇಲೆ ನೀನು ಈಜುಕೊಳದ ಸೀಟಿ ಕೊರಳಿಗೆ ಹಾಕಿಕೊಂಡು ಊರ ಮಕ್ಕಳಿಗೆಲ್ಲ ಕೈಕಾಲು ಬಡಿಯುವುದನ್ನು ಕಲಿಸಿದೆ. ಆ ಸಮುದ್ರದ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಗೆದ್ದು ಬಂದಿದ್ದರೆ ನನ್ನನ್ನು ಬಿಟ್ಟು ಹೋದದ್ದಕ್ಕೆ ತ್ಯಾಗ ಎಂದು ಹೆಸರಿಡುತ್ತಿದ್ದರು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಸೋತು ಬಂದೆಯಲ್ಲ, ಅದಕ್ಕೆ ಹೆಸರೇ ಇಲ್ಲ.

ಶುಕ್ರವಾರ ಅವರು ವೇದಿಕೆಗೆ ಬಂದರು. ತಲೆ ಪೂರ್ತಿ ನರೆತಿದೆ, ಭುಜ ಮಾತ್ರ ಬಾಗಿಲಿನಷ್ಟು ಅಗಲ. ವರ್ಷಗಟ್ಟಲೆ ನೀರು ಹೊಕ್ಕು ಕಿವಿ ಮಂದವಾಗಿದ್ದರಿಂದ ಜೋರಾಗಿ ಮಾತಾಡುತ್ತಾರೆ. ಮೊದಲರ್ಧ ಸರಾಗವಾಗಿ ಹೋಯಿತು. ಕತ್ತಲ ನೀರಿಗೆ ಇಳಿದೆ. ಚಳಿ ತಡೆಯಲು ಮೈಗೆ ಕೊಬ್ಬು ಹಚ್ಚಿಕೊಂಡಿದ್ದೆ. ಪಕ್ಕದಲ್ಲಿ ದೋಣಿ ಬರುತ್ತಿತ್ತು. ಅದನ್ನು ಬೆರಳ ತುದಿಯಿಂದ ಮುಟ್ಟಿದರೂ ಈಜು ಅಲ್ಲಿಗೆ ಮುಗಿಯಿತು, ಅದು ನಿಯಮ. ಎಲ್ಲವನ್ನೂ ನಾನೇ ಈಜಿದೆ, ಅಮ್ಮ. ನನ್ನ ಹಲ್ಲು ಕಟಕಟ ಎನ್ನುವುದೊಂದು ಬಾಕಿ.

ಆಗ ಅವರು ಹೇಳಿದರು: ಮನೆಯಲ್ಲಿ ಪುಟ್ಟ ಮಗಳನ್ನು ಬಿಟ್ಟು ಬಂದಿದ್ದೆ. ನೀರಿನಲ್ಲಿದ್ದಷ್ಟು ಹೊತ್ತೂ ನನಗೆ ಅವಳ ನೆನಪೇ ಬರಲಿಲ್ಲ.

ಕಿವಿಗೆ ಬಂದದ್ದು ಅದು. ನನ್ನ ಬಾಯಿಂದ ಹೊರಟದ್ದು ಬೇರೆ. “ಮನೆಯಲ್ಲಿ ಮಗಳನ್ನು ಬಿಟ್ಟು ಹೋದಳು. ನೀರಿನಲ್ಲಿದ್ದಷ್ಟು ಹೊತ್ತೂ ಅವಳಿಗೆ ಮಗಳ ನೆನಪೇ ಬರಲಿಲ್ಲ” ಎಂದೆ. ಬಂದಿದ್ದೆ ಅಲ್ಲ, ಹೋದಳು. ಅಷ್ಟು ದೊಡ್ಡವರನ್ನು ‘ಹೋದರು’ ಎಂದು ಕೂಡ ಅನ್ನಲಿಲ್ಲ. ಹೆಡ್‌ಫೋನ್ ಹಾಕಿದ್ದ ತಲೆಗಳೆಲ್ಲ ಒಟ್ಟಿಗೆ ಗೂಡಿನ ಕಡೆ ತಿರುಗಿದವು. ಮೇಷ್ಟ್ರು ಕೆಂಪು ಗುಂಡಿ ಒತ್ತಿ ನನ್ನ ಮೈಕಿನ ಬಾಯಿ ಮುಚ್ಚಿಸಿ, ತಮ್ಮ ಮೈಕು ಎಳೆದುಕೊಂಡು ಮುಂದುವರಿಸಿದರು. ಉಳಿದ ಹೊತ್ತೆಲ್ಲ ನಾನು ಹೂಜಿ ನೋಡುತ್ತಾ ಕೂತಿದ್ದೆ.

ಮುಗಿದ ಮೇಲೆ ಸಂಘಟಕಿ ಬಂದು ಬಾಗಿಲಲ್ಲೇ ಶುರು ಮಾಡಿದರು. “ಅವಳು ಇವಳು ಅಂದ್‌ಬಿಟ್ರಲ್ರೀ, ಅವರೇನು ನಿಮ್ಮ ಪಕ್ಕದ ಮನೆಯವರಾ?” ಮೇಷ್ಟ್ರು ಅಡ್ಡ ಬಂದರು. “ಕೆಮ್ಮು ಬಂತು ಮೇಡಂ, ಅದೇ ‘ಳು’ ಥರ ಕೇಳಿಸ್ತು.” ಯಾರೂ ನಗಲಿಲ್ಲ. ಮುಂದಿನ ತಿಂಗಳು ನನಗೆ ಕೆಲಸವಿಲ್ಲ, ಅದರಾಚೆಯದು ತಿಳಿಯದು.

ಅಷ್ಟರಲ್ಲಿ ಅವರೇ ನನ್ನನ್ನು ಕರೆಸಿದರು. ವೇದಿಕೆಯ ಹಿಂದಿನ ಸಣ್ಣ ಕೋಣೆ, ಮಡಿಚಿ ಒರಗಿಸಿದ ಕುರ್ಚಿಗಳ ನಡುವೆ ಅವರೊಬ್ಬರೇ. ಅವರ ಭಾಷೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ. ನಾನು ‘ನೀನು’ ಎಂದೇ ಬರೆಯುತ್ತೇನೆ, ಅವರ ದನಿ ಹಾಗಿತ್ತು.

“ನೀನು ನನ್ನನ್ನ ಬೈದೆಯಂತೆ?”

“ಬೈಯಲಿಲ್ಲ. ನಾನು ಅನ್ನೋದಕ್ಕೆ ಅವಳು ಅಂದೆ.”

“ನಿಮ್ಮಲ್ಲಿ ಅದು ಬೈಗುಳವೇ ಅಂತ ಆ ಸಂಘಟಕಿ ಹೇಳಿದಳು. ಯಾರ ಮೇಲಿನ ಕೋಪ?”

ಸುಳ್ಳು ಹೇಳಲಾಗಲಿಲ್ಲ. ಅಮ್ಮನೂ ಅದೇ ನೀರಿಗೆ ಇಳಿದಿದ್ದಳು ಎಂದೆ. “ದಡ ಮುಟ್ಟಿದಳಾ?” ಎಂದರು. ಇಲ್ಲ, ದಡ ಕಂಡ ಮೇಲೆ ದೋಣಿ ಹತ್ತಿದಳು ಎಂದೆ. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಕಿವಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಜೋರಾಗಿ ಹೇಳಿದೆ. ಕೇಳಿಸಿತ್ತು.

“ದಡ ಕಂಡ ಮೇಲಾ?” ಎಂದರು. “ದಡ ಕಂಡ ಮೇಲೆ ನಿಲ್ಲೋದು ನನ್ನ ಕೈಲಿ ಆಗ್ತಿರಲಿಲ್ಲ. ಸತ್ತರೂ ನಿಲ್ಲುತ್ತಿರಲಿಲ್ಲ. ನನ್ನ ಗೆಳತಿಯೊಬ್ಬಳು ಹಾಗೇ ಸತ್ತಳು. ನಿನ್ನ ಅಮ್ಮನನ್ನ ಎಳೆದು ಹಾಕಿದರಾ, ತಾನೇ ದೋಣಿ ಮುಟ್ಟಿದಳಾ?”

ನನಗೆ ಗೊತ್ತಿಲ್ಲ ಎಂದೆ.

“ಇಷ್ಟು ವರ್ಷ ಕೇಳಲೇ ಇಲ್ಲವಾ? ಕೇಳು. ಕೇಳಿ ನನಗೂ ಹೇಳು. ತಾನೇ ಮುಟ್ಟಿದ್ದರೆ, ಅದು ಹೇಗೆ ಅಂತ ನನಗೆ ತಿಳಿಯಬೇಕು.”

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಹೆಂಗಸು, ನಿನ್ನ ವಿಷಯಕ್ಕೆ ಬಾಯಿ ಬಿಟ್ಟುಕೊಂಡು ಕೂತಿದ್ದನ್ನು ನಾನು ಕಣ್ಣಾರೆ ನೋಡಿದೆ. ಅದಕ್ಕೇ ಈ ಕಾಗದ. ದೋಣಿಯನ್ನು ಯಾರು ಮುಟ್ಟಿದ್ದು, ಅಮ್ಮ? ನನ್ನ ನೆನಪಾಯಿತು ಎಂದು ನನ್ನ ಸಮಾಧಾನಕ್ಕೆ ಬರೆಯಬೇಡ. ಬರೀ ಚಳಿಯಾಗಿದ್ದರೆ ಚಳಿ ಎಂದೇ ಬರಿ. ಇದ್ದದ್ದು ಇದ್ದ ಹಾಗೆ ಬೇಕು.

ಉತ್ತರಕ್ಕೆ ಕಾಯುವ,
ನಿನ್ನ ಮಗಳು

ಮ.ಬಿ.: ಎರಡು ದಿನದಿಂದ ಕನ್ನಡಿ ಮುಂದೆ ಆ ಸಾಲನ್ನು ಸರಿಯಾಗಿ ಹೇಳಲು ನೋಡುತ್ತಿದ್ದೇನೆ. ‘ಬಿಟ್ಟು ಬಂದಿದ್ದೆ’ ಎಂಬಲ್ಲಿಗೆ ಬಂದಾಗ ಈಗಲೂ ನಾಲಿಗೆ ತಡೆಯುತ್ತದೆ.

*

ಗುರುವಾರ

ಮಗಳೇ,

ನಿನ್ನ ಕಾಗದವನ್ನು ಈಜುಕೊಳದ ಮೆಟ್ಟಿಲ ಮೇಲೆ ಕೂತು ಓದಿದೆ. ಓದುತ್ತಾ ಸೀಟಿ ಊದುವುದು ಮರೆತೆ, ಮಕ್ಕಳೆಲ್ಲ ಇನ್ನೊಂದು ಸುತ್ತು ಹೆಚ್ಚಾಗಿ ಈಜಿದವು. ಅವರ ಶಾಪ ನಿನಗಿರಲಿ.

ನಿನ್ನಷ್ಟು ಚೆನ್ನಾಗಿ ಬರೆಯಲು ಬಾರದು. ಕೇಳಿದ್ದಕ್ಕೆ ಮಾತ್ರ ಉತ್ತರ.

ನಾನೇ ಮುಟ್ಟಿದೆ. ಯಾರೂ ಎಳೆದು ಹಾಕಲಿಲ್ಲ.

ಚಳಿ ಇತ್ತು, ಆದರೆ ಚಳಿಯಿಂದಲ್ಲ. ದಡದ ಮನೆಗಳ ಕಿಟಕಿ ಕಾಣುತ್ತಿದ್ದವು. ಒಂದು ಮನೆಯ ತಂತಿಯ ಮೇಲೆ ಬಟ್ಟೆ ಒಣಹಾಕಿದ್ದರು, ಅದೂ ಕಾಣುತ್ತಿತ್ತು. ಆ ಹೊತ್ತಿಗೆ ನನ್ನ ನಡುಕ ನಿಂತಿತ್ತು, ನನಗೆ ಹಾಯೆನಿಸಿತ್ತು. ನಡುಕ ನಿಂತರೆ ಕೆಟ್ಟ ಲಕ್ಷಣ. ತಲೆ ಸರಿಯಿದೆಯೋ ಇಲ್ಲವೋ ನೋಡಲು ದೋಣಿಯಲ್ಲಿರುವ ತರಬೇತುದಾರರು ಆಗಾಗ ಏನಾದರೂ ಸುಲಭದ್ದು ಕೇಳುತ್ತಾರೆ. ಇವತ್ತು ಯಾವ ವಾರ, ನಿಮ್ಮೂರು ಯಾವುದು, ಹೀಗೆ. ಅದಕ್ಕೆಲ್ಲ ಸರಿಯಾಗಿ ಹೇಳಿದೆ. ಆಮೇಲೆ ಅವರು, “ಮಗಳ ಹೆಸರೇನು?” ಎಂದು ಕೂಗಿದರು.

ನನಗೆ ಹೊಳೆಯಲಿಲ್ಲ ಕಣೇ.

ನಿನ್ನ ಮುಖ ಕಾಣುತ್ತಿತ್ತು, ಎರಡು ಜಡೆ ಕಾಣುತ್ತಿತ್ತು. ಹೆಸರು ಇಲ್ಲ. ಅವರು ಇನ್ನೊಮ್ಮೆ ಕೇಳಿದರು. ಏನೋ ಒಂದು ಹೆಸರು ಕೂಗಿ ಮುಂದೆ ಹೋಗಬಹುದಿತ್ತು, ಅವರಿಗೆ ನಿನ್ನ ಹೆಸರು ಎಲ್ಲಿ ಗೊತ್ತಿತ್ತು? ಬಾಯಿಗೆ ಬಂದ ಹೆಸರೂ ಇತ್ತು. ಅದು ನಿನ್ನದಲ್ಲ ಎಂದು ಮಾತ್ರ ತಿಳಿಯಿತು. ಇನ್ನೊಂದು ಸ್ವಲ್ಪ ಹೊತ್ತು ಈ ನೀರಿನಲ್ಲಿದ್ದರೆ ಅದೂ ತಿಳಿಯದೆ ಹೋಗುತ್ತದೆ ಎನಿಸಿ ಭಯವಾಯಿತು. ಕೈ ಚಾಚಿ ದೋಣಿ ಮುಟ್ಟಿದೆ. ಇಷ್ಟೇ.

ನಿನ್ನ ನೆನಪಾಗಿ ತಿರುಗಿದೆ ಎಂದು ಬರೆದರೆ ಅದು ಸುಳ್ಳು. ನೆನಪಾಗದೆ ತಿರುಗಿದೆ. ಈ ಮಾತನ್ನು ಎಳೆ ಮಗುವಿಗೆ ಹೇಗೆ ಹೇಳಲಿ? ದೊಡ್ಡವಳಾದ ಮೇಲೆ ಹೇಳೋಣ ಎಂದುಕೊಂಡೆ. ನೀನು ದೊಡ್ಡವಳಾದ ಮೇಲೆ ಕೇಳಲೇ ಇಲ್ಲ.

ಆ ದೊಡ್ಡ ಹೆಂಗಸಿನ ಈಜನ್ನು ನಾನು ಪೇಪರಿನಲ್ಲಿ ಓದಿ, ಆ ಪುಟ ಕತ್ತರಿಸಿ ನನ್ನ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಹೋಗಿ ಬರುವುದೆಂದರೇನು! ಆ ನೀರು ಮುಟ್ಟಿದವರಿಗೇ ಗೊತ್ತು. ಅವರನ್ನು ಅವಳು ಎಂದೆಯಾ? ಮೊದಲು ಕ್ಷಮೆ ಕೇಳು. ಆಮೇಲೆ ಅವರಿಗೆ ನನ್ನ ಉತ್ತರ ಹೇಳು. ಆದರೆ ನಿಮ್ಮ ಮೇಷ್ಟ್ರು ಹೇಳಿದ ಹಾಗೆ ಹೇಳು. ಅಮ್ಮ ಹೀಗೆಂದಳು, ಹಾಗೆಂದಳು ಎಂದು ಬೇಡ. ‘ದಡ ಕಾಣುತ್ತಿತ್ತು. ನಾನೇ ದೋಣಿ ಮುಟ್ಟಿದೆ’ ಎನ್ನು. ಅಷ್ಟು ಜನರನ್ನು ನಾನು ನಾನು ಎಂದಿದ್ದೀಯ, ಅದರಲ್ಲಿ ನಾನೂ ಒಬ್ಬಳಿರಲಿ.

ಮಂಡಿನೋವು ಹಾಗೇ ಇದೆ.

ಅಮ್ಮ

ಮ.ಬಿ.: ದೋಣಿಯಲ್ಲಿ ಕಂಬಳಿ ಹೊದಿಸಿ ಬಿಸಿನೀರು ಕುಡಿಸಿದ ಮೇಲೆ ನಿನ್ನ ಹೆಸರು ಪೂರ್ತಿಯಾಗಿ, ಶಾಲೆಯ ಹಾಜರಿಯಲ್ಲಿ ಇದ್ದ ಹಾಗೆ ಬಾಯಿಗೆ ಬಂತು. ಅದಕ್ಕೇ ಭಾನುವಾರದ ಫೋನಿನಲ್ಲಿ ಮೊದಲು ಅದನ್ನೇ ಹೇಳುತ್ತೇನೆ. ಇನ್ನೂ ಇದೆಯಾ ಎಂದು ನೋಡಿಕೊಳ್ಳುತ್ತೇನೆ. ಈ ಭಾನುವಾರ ಫೋನ್ ಬರಲಿಲ್ಲ. ಆದರೂ ಹೇಳಿದೆ. ಯಾರೂ ‘ಹಾಜರ್’ ಎನ್ನಲಿಲ್ಲ.